ಏಪ್ರಿಲ್ ಕೊನೆಯಲ್ಲಿ ಗುಡವಿ: ಖಾಲಿ ಕೆರೆ, ಗುರುತು ಸಿಗದ ಮೂರು ಹಕ್ಕಿಗಳು

ಹೊಸಕಣ್ಣು

ಹಕ್ಕಿ ನೋಡುವ ಹುಚ್ಚು ಹಿಡಿದು ಇನ್ನೂ ಆರು ತಿಂಗಳಾಗಿಲ್ಲ. ಹಿತ್ತಲಿನ ಪಿಕಳಾರ, ಮಡಿವಾಳ, ಸೂರಕ್ಕಿಗಳ ಪರಿಚಯವಾದದ್ದೇ ತಡ, ಧೈರ್ಯ ಬಂದು ಏಪ್ರಿಲ್ ಕೊನೆಯ ಭಾನುವಾರ ಗುಡವಿ ಪಕ್ಷಿಧಾಮಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ಸಾಗರದಲ್ಲಿ ಉಳಿದು, ಬೆಳಿಗ್ಗೆ ಆರಾಮವಾಗಿ ತಿಂಡಿ ಮುಗಿಸಿ ಹೊರಟೆ. ಸೊರಬದಿಂದ ಮುಂದೆ 16 ಕಿಲೋಮೀಟರ್ ಬೈಕ್ ಓಡಿಸಿ ಕೆರೆ ಮುಟ್ಟಿದಾಗ ಹತ್ತೂವರೆ ಗಂಟೆ.

ಫೋಟೊಗಳಲ್ಲಿ ನೋಡಿದ್ದು ಒಂದು, ಕಣ್ಣಾರೆ ಕಂಡದ್ದು ಇನ್ನೊಂದು. ನೀರಿನ ನಡುವೆ ನಿಂತ ಮರಗಳ ಮೇಲೆ ಹತ್ತಿ ಒಡೆದಂತೆ ಬಿಳಿ ಹಕ್ಕಿಗಳು ಕೂತಿರುತ್ತವೆ ಎಂದುಕೊಂಡಿದ್ದೆ. ಸಿಕ್ಕಿದ್ದು ಹಿಂದೆ ಸರಿದ ನೀರು, ಬಿರುಕುಬಿಟ್ಟ ಕೆಸರು, ಕೊಂಬೆಗಳಲ್ಲಿ ಹೋದ ವರ್ಷದ ಗೂಡುಗಳ ಕಡ್ಡಿಕಂತೆ. ವೀಕ್ಷಣಾ ಗೋಪುರ ಹತ್ತಿದೆ, ಇಳಿದೆ, ದಾರಿಯುದ್ದಕ್ಕೂ ನಡೆದೆ, ಮತ್ತೆ ಹತ್ತಿದೆ. ಒಂದೂವರೆ ಗಂಟೆಯಲ್ಲಿ ನನ್ನ ಪಟ್ಟಿಗೆ ಹತ್ತು ಹೆಸರೂ ಸೇರಲಿಲ್ಲ. ನಾಲ್ಕು ನೀರುಕಾಗೆ, ಒಂದಿಷ್ಟು ಬಕ, ಒಂದು ಮಿಂಚುಳ್ಳಿ. ಅಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ಬೇಸರವಾಯಿತು.

ಮೂರು ಹಕ್ಕಿಗಳ ಗುರುತು ಮಾತ್ರ ಸಿಗಲಿಲ್ಲ. ಫೋಟೊ ಇಲ್ಲ, ಬರೆದುಕೊಂಡದ್ದನ್ನೇ ಕೊಡುತ್ತೇನೆ.

ಮೊದಲನೆಯದು ಕೆಸರಿನಂಚಿನಲ್ಲಿ ಕುತ್ತಿಗೆ ಒಳಗೆಳೆದುಕೊಂಡು ನಿಂತಿತ್ತು. ಆಕಾರ ನಮ್ಮ ಕೊಳದ ಬಕದ್ದೇ, ಆದರೆ ಬೆನ್ನ ತುಂಬ ದಟ್ಟ ಕೆಂಗಂದು, ಹಳೆಯ ರೇಷ್ಮೆ ಸೀರೆಯ ಬಣ್ಣ. ಬಕ ಹೀಗಿರುವುದನ್ನು ನಾನು ಎಂದೂ ನೋಡಿಲ್ಲ.

ಎರಡನೆಯದು ಕೆರೆಯಲ್ಲಿ ಅಲ್ಲ, ದಾರಿಯ ಗದ್ದೆಯಲ್ಲಿ, ಎಮ್ಮೆಗಳ ನಡುವೆ. ಬೆಳ್ಳಕ್ಕಿಯೇ, ಆದರೆ ತಲೆ, ಕುತ್ತಿಗೆ ಮತ್ತು ಬೆನ್ನಿಗೆ ಯಾರೋ ಅರಿಶಿನದ ನೀರು ಎರಚಿದಂತಿತ್ತು.

ಮೂರನೆಯದು ಅತ್ಯಂತ ವಿಚಿತ್ರ. ಕಾಡಿನ ದಾರಿಯಲ್ಲಿ ಗಿಡುಗನ ಕೂಗು ಕೇಳಿ ಆಕಾಶ ನೋಡಿದೆ, ಏನೂ ಇಲ್ಲ. ಮರುಕ್ಷಣ ಅದೇ ಮರದಿಂದ ಪಿಕಳಾರದ ದನಿ, ಆಮೇಲೆ ಯಾವುದೋ ಲೋಹದ ತಟ್ಟೆ ಬಡಿದಂಥ ಸದ್ದು. ಕೊನೆಗೆ ಆ ಮರದಿಂದ ಒಂದು ಕಪ್ಪು ಹಕ್ಕಿ ಹಾರಿತು. ಅದರ ಹಿಂದೆಯೇ ಎರಡು ದೊಡ್ಡ ದುಂಬಿಗಳು ಅಟ್ಟಿಸಿಕೊಂಡು ಹೋದವು. ನಾನು ಸುಳ್ಳು ಹೇಳುತ್ತಿಲ್ಲ.

ಗುಡವಿಗೆ ಯಾವಾಗ ಹೋಗಬೇಕು? ಹಕ್ಕಿಗಳು ನಿಜವಾಗಿ ಬರುತ್ತಿವೆಯೋ, ಅಥವಾ ಆ ಫೋಟೊಗಳೆಲ್ಲ ಹಳೆಯ ಕಾಲದವೋ?

ತುಂಗೆಯ ದಂಡೆ

ಚಪ್ಪರ ಹಾಕುವ ಮೊದಲೇ ಊಟಕ್ಕೆ ಹೋಗಿ ಕೂತರೆ ಎಲೆ ಯಾರು ಹಾಕುತ್ತಾರೆ? ಜೂನ್ ಕಳೆಯಲಿ, ಜುಲೈನಿಂದ ಅಕ್ಟೋಬರ್ ಒಳಗೆ ಯಾವಾಗಲಾದರೂ ಹೋಗಿ. ಅದೇ ಪ್ರಯಾಣದಲ್ಲಿ ಮಂಡಗದ್ದೆಯನ್ನೂ ನೋಡಬಹುದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ಸುಮಾರು 30 ಕಿಲೋಮೀಟರಿಗೆ, ತುಂಗಾ ನದಿಯ ನಡುವಿನ ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಮರಗಳ ಸೊಂಟದವರೆಗೆ ಹೊಳೆ ಹರಿಯುತ್ತಿರುತ್ತದೆ, ಮೇಲಿನ ಕೊಂಬೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂಸಾರ ನಡೆದಿರುತ್ತದೆ.

ಚಳಿಗಾಲದಲ್ಲಿ ಬಿಡುವಾದರೆ ಬಯಲುಸೀಮೆಗೆ ಇಳಿಯಿರಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ರಾತ್ರಿ ಮತ್ತು ನಸುಕಿನಲ್ಲಿ ಹೊಲಗಳಲ್ಲಿ ಮೇಯ್ದು, ಹಗಲು ಕೆರೆಯಲ್ಲಿ ತೂಕಡಿಸುತ್ತವೆ. ಹತ್ತೂವರೆಗೆ ತಲುಪುವವರಿಗೆ ಹೇಳಿ ಮಾಡಿಸಿದ ಜಾಗ. 2024ರಲ್ಲಿ ಅದಕ್ಕೆ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸರ್ ಪಟ್ಟವೂ ಸಿಕ್ಕಿದೆ.

ನಿಮ್ಮ ಮೂರು ಹಕ್ಕಿಗಳ ಉತ್ತರವನ್ನು, ಇಲ್ಲಿ ‘ಏರಿಯ ಮೇಲಿನವನು’ ಎಂಬ ಹೆಸರಿನಲ್ಲಿ ಬರೆಯುವ ಹಿರಿಯರಿಗೆ ಬಿಡುತ್ತೇನೆ. ಗುಡವಿಯ ವಿಷಯದಲ್ಲಿ ಅವರ ಮುಂದೆ ನಾನು ಬಾಯಿ ತೆರೆಯುವುದಿಲ್ಲ.

ಏರಿಯ ಮೇಲಿನವನು

ನಿಮ್ಮ ಪತ್ರ ಓದಿದೆ. ಪತ್ರ ಎಂದೇ ಕರೆಯುತ್ತೇನೆ, ಹಳೆಯ ಚಾಳಿ. ಮೂವತ್ತೊಂದು ವರ್ಷ ಈ ಸೀಮೆಯ ಊರೂರಿಗೆ ಸೈಕಲ್ ಮೇಲೆ ಅಂಚೆ ಹಂಚಿದವನು ನಾನು. ನಿವೃತ್ತನಾದ ಮೇಲೆ ಸೈಕಲ್ ಉಳಿದಿದೆ, ಚೀಲ ಹೋಗಿದೆ, ಚೀಲದ ಜಾಗಕ್ಕೆ ಬೈನಾಕ್ಯುಲರ್ ಬಂದಿದೆ.

ನೀವು ಬರಿಗೈಯಲ್ಲಿ ಬಂದೆ ಎನ್ನುತ್ತೀರಿ. ನನ್ನ ಲೆಕ್ಕದಲ್ಲಿ ನೀವು ಮೂರು ಲಕೋಟೆಗಳನ್ನು ಕೈಯಲ್ಲಿ ಹಿಡಿದು, ಒಡೆಯದೆ ಮನೆಗೆ ಹೋಗಿದ್ದೀರಿ.

ಕೆಂಗಂದು ಬೆನ್ನಿನದು ಕೊಳದ ಬಕವೇ. ವರ್ಷದ ಬಹುಪಾಲು ಅದು ಕೆಸರಿನ ಬಣ್ಣದಲ್ಲಿ ಕೆಸರಾಗಿ ಕೂತಿರುತ್ತದೆ, ಕಾಲಿಗೆ ತಾಗುವಷ್ಟು ಹತ್ತಿರ ಹೋದರೂ ಕಾಣುವುದಿಲ್ಲ. ಹಾರಿದಾಗ ಮಾತ್ರ ಒಮ್ಮೆಲೇ ಬಿಳಿ ರೆಕ್ಕೆ ಬಿಚ್ಚಿ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಗೂಡು ಕಟ್ಟುವ ಕಾಲ ಹತ್ತಿರವಾಯಿತೆಂದರೆ ಬೆನ್ನಿಗೆ ಆ ಶಾಲು ಬರುತ್ತದೆ. ಗದ್ದೆಯಲ್ಲಿ ಎಮ್ಮೆಗಳ ಹಿಂದಿದ್ದದ್ದು ಗೋವಕ್ಕಿ. ಅದಕ್ಕೆ ಅರಿಶಿನ ಎಂದಿರಲ್ಲ, ನೀವು ಅರಿಯದೆಯೇ ಸರಿಯಾಗಿ ಹೇಳಿದ್ದೀರಿ. ಮದುವೆಗೆ ಮೊದಲಿನ ಅರಿಶಿನವೇ ಅದು. ಮರಿಗಳು ದೊಡ್ಡದಾಗುವ ಹೊತ್ತಿಗೆ ತೊಳೆದುಹೋಗುತ್ತದೆ, ಮತ್ತೆ ಬರೀ ಬಿಳಿ. ಅಂದರೆ ನೀವು ಖಾಲಿ ಎಂದ ಕೆರೆಯ ಸುತ್ತ ಆಗಲೇ ತಯಾರಿ ಶುರುವಾಗಿತ್ತು. ಸಾವಿರ ಹಕ್ಕಿಗಳ ಗದ್ದಲದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ನಿಮಗೆ ಗದ್ದಲವಿಲ್ಲದ ದಿನ ಸಿಕ್ಕಿತ್ತು.

ಮೂರನೆಯದು ಭೀಮರಾಜ. ದುಂಬಿಗಳು ಅಟ್ಟಿಸಿಕೊಂಡು ಬರಲಿಲ್ಲ, ಅವು ಅದರ ಬಾಲವೇ. ಬಾಲದ ಎರಡು ಹೊರಗರಿಗಳು ತಂತಿಯಂತೆ ಉದ್ದಕ್ಕೆ ಬೆಳೆದು, ತುದಿಯಲ್ಲಿ ಮಾತ್ರ ಸೌಟಿನ ಆಕಾರದ ಗರಿ ಉಳಿಯುತ್ತದೆ. ಹಾರುವಾಗ ತಂತಿ ಕಾಣುವುದಿಲ್ಲ, ತುದಿಗಳು ಕಾಣುತ್ತವೆ. ಕೆಲವೊಮ್ಮೆ ಒಂದು ಗರಿ ಉದುರಿ ಒಂದೇ ದುಂಬಿ ಹಿಂಬಾಲಿಸುವುದೂ ಉಂಟು. ಗಿಡುಗ, ಪಿಕಳಾರ, ತಟ್ಟೆ ಎಲ್ಲವೂ ಅದರ ಬಾಯಿಯದೇ. ಇತರ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ಅದನ್ನು ಮೀರಿಸುವವರು ನಮ್ಮ ಕಾಡಿನಲ್ಲಿಲ್ಲ. ಒಮ್ಮೆ ಅದರ ಗಿಡುಗನ ಕೂಗಿಗೆ ನಾನು ಸೈಕಲ್ ನಿಲ್ಲಿಸಿ ಆಕಾಶ ನೋಡಿದ್ದೆ, ಎದುರಿನ ಮನೆಯ ಕೋಳಿ ಮರಿಗಳನ್ನು ರೆಕ್ಕೆಯಡಿಗೆ ಎಳೆದುಕೊಂಡಿತ್ತು. ನಾವಿಬ್ಬರೂ ಒಟ್ಟಿಗೆ ಮೋಸಹೋದೆವು.

ಈಗ ಕಾಲದ ವಿಷಯ. ತಾರೀಖು ಹಿಡಿದು ಹೇಳಲು ನಾನು ಪಂಚಾಂಗವಲ್ಲ. ಮೃಗಶಿರಾ ಮಳೆ ಹಿಡಿದು, ಕೆರೆಯಲ್ಲಿ ನೀರು ಏರಿ, ಹೊಳೆಲಕ್ಕಿ ಮರಗಳ ಬುಡ ಮುಳುಗಬೇಕು. ಆಮೇಲೆ ಕೆಂಬರಲುಗಳು, ಕಪ್ಪು ತಲೆಯ, ಬಾಗಿದ ಕೊಕ್ಕಿನ ದೊಡ್ಡ ಬಿಳಿ ಹಕ್ಕಿಗಳು, ಬರುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವ ಹಾಗೆ, ನೀರು ಬಂದರೆ ಹಕ್ಕಿ ಬಂದೇ ಬರುತ್ತದೆ. ಮಳೆ ತಡವಾದ ವರ್ಷ ಅವೂ ತಡ. ಮರದ ಬುಡ ಮುಳುಗಬೇಕು ಏಕೆ? ಕೋಟೆಗೆ ಕಂದಕ ಏಕೆ ಬೇಕೋ ಅದಕ್ಕೇ. ಒಣನೆಲದ ಮರವನ್ನು ಕಾಡುಬೆಕ್ಕು ರಾತ್ರಿಯಲ್ಲಿ ಸಲೀಸಾಗಿ ಹತ್ತುತ್ತದೆ. ಸುತ್ತ ನೀರಿದ್ದರೆ ಅದರ ದಾರಿ ಕಟ್ಟಾಗುತ್ತದೆ. ಇನ್ನೊಂದು ಕಾರಣ ಹೊಟ್ಟೆಯದು. ನಾಟಿಯಾದ ಗದ್ದೆಗಳಲ್ಲಿ ಕಪ್ಪೆ, ಏಡಿ, ಮೀನುಮರಿ, ಹುಳು ತುಂಬಿಕೊಳ್ಳುವ ಹೊತ್ತಿಗೆ ಮರಿಗಳು ಬಾಯಿ ತೆರೆಯಬೇಕು. ಲೆಕ್ಕ ಅಷ್ಟು ನೇರ.

ಇಡೀ ಪಕ್ಷಿಧಾಮ ಒಂದು ಚದರ ಕಿಲೋಮೀಟರಿಗಿಂತ ಚಿಕ್ಕದು. ಸುತ್ತ ಮತ್ತಿ, ನಂದಿ, ಬೀಟೆ, ಜಂಬೆಯ ಕಾಡು, ಮಧ್ಯೆ ಕೆರೆ. 1989ರಲ್ಲಿ ಪಕ್ಷಿಧಾಮ ಎಂದು ಘೋಷಣೆಯಾಯಿತು. ಹಕ್ಕಿಗಳು ಆ ಆದೇಶಕ್ಕೆ ಕಾದು ಕೂತಿರಲಿಲ್ಲ, ನಾನು ಕೆಲಸಕ್ಕೆ ಸೇರಿದಾಗಲೇ ಇದ್ದವು. ಇಷ್ಟು ಚಿಕ್ಕ ಜಾಗದಲ್ಲಿ ನೀವು ಗೋಪುರವನ್ನು ಎರಡು ಸಲ ಹತ್ತಿ ಇಳಿದಿರಿ, ದಾರಿಯುದ್ದಕ್ಕೂ ನಡೆದಿರಿ. ನಿಮ್ಮ ಪತ್ರದಲ್ಲಿ ನನಗೆ ಸರಿ ಕಾಣದ್ದು ಇದೊಂದೇ. ಏಪ್ರಿಲ್ ತಪ್ಪಲ್ಲ, ನಡೆದದ್ದು ತಪ್ಪು.

ನಾನು ಹಕ್ಕಿ ಕಲಿತದ್ದು ನನ್ನ ಜಾಣತನದಿಂದಲ್ಲ. ಚೈನು ಬಿಗಿಸಲು, ಬೆವರು ಒರೆಸಲು ದಿನವೂ ಒಂದೇ ಕಲ್ಲಿನ ಮೇಲೆ ಕೂರುತ್ತಿದ್ದೆ. ಮೊದಲ ಹತ್ತು ನಿಮಿಷ ಕೆರೆ ಸತ್ತಂತಿರುತ್ತದೆ, ಏಕೆಂದರೆ ನಾವು ಬಂದದ್ದು ಅದಕ್ಕೆ ಗೊತ್ತಾಗಿದೆ. ಹದಿನೈದಕ್ಕೆ ಹುಂಡುಕೋಳಿ ಪೊದೆಯಿಂದ ತಲೆ ಹಾಕುತ್ತದೆ. ಇಪ್ಪತ್ತು ದಾಟಿದ ಮೇಲೆ ನಿಮ್ಮನ್ನು ಕಲ್ಲಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ.

ಒಂದು ಆಗಸ್ಟ್ ಬೆಳಿಗ್ಗೆ, ಆಶ್ಲೇಷಾ ಮಳೆ ಎರಡು ಗಳಿಗೆ ಬಿಡುವು ಕೊಟ್ಟಾಗ, ಆ ಕಲ್ಲಿನಿಂದ ಕಂಡದ್ದನ್ನು ಹೇಳುತ್ತೇನೆ. ತಾವರೆ ಎಲೆಗಳ ಮೇಲೆ ಒಂದು ಕಂಚು ದೇವನಕ್ಕಿ ನಡೆಯುತ್ತಿತ್ತು. ಉದ್ದ ಬೆರಳುಗಳನ್ನು ಬಿಡಿಸಿ ಇಡುವುದರಿಂದ ಅದರ ಭಾರ ಎಲೆಯ ಮೇಲೆಲ್ಲ ಹಂಚಿಹೋಗುತ್ತದೆ, ಎಲೆ ಮುಳುಗುವುದಿಲ್ಲ. ಅಂದು ಏನೋ ಸರಿಯಿರಲಿಲ್ಲ. ರೆಕ್ಕೆಗಳನ್ನು ಮೈಯಿಂದ ಸ್ವಲ್ಪ ಎತ್ತಿ, ಕುಗ್ಗಿಕೊಂಡು ನಡೆಯುತ್ತಿತ್ತು. ಕಣ್ಣು ಕಿರಿದುಮಾಡಿ ನೋಡಿದರೆ ಕಾಲುಗಳು ಎರಡಲ್ಲ. ಎಣಿಸಿದೆ, ಆರು. ರೆಕ್ಕೆಯ ಎರಡೂ ಬದಿಯಿಂದ ದಾರದಂಥ ಕಾಲುಗಳು ಜೋತಾಡುತ್ತಿದ್ದವು. ಸ್ವಲ್ಪ ದೂರ ಹೋಗಿ ಅದು ರೆಕ್ಕೆ ಸಡಿಲಿಸಿತು. ಎರಡು ಮರಿಗಳು ಎಲೆಯ ಮೇಲೆ ಬಿದ್ದು, ಏನೂ ಆಗಿಲ್ಲವೆಂಬಂತೆ ನಡೆಯತೊಡಗಿದವು. ಮೇಲೆ ಗರುಡ ಸುತ್ತುತ್ತಿದ್ದುದನ್ನು ನಾನು ಆಮೇಲೆ ಗಮನಿಸಿದೆ, ಅದು ಮೊದಲೇ ಗಮನಿಸಿತ್ತು. ಮತ್ತೆ, ಅದು ತಾಯಿಯಲ್ಲ. ದೇವನಕ್ಕಿಯಲ್ಲಿ ಕಾವು ಕೂರುವುದೂ ಮರಿ ಸಾಕುವುದೂ ಅಪ್ಪನ ಕೆಲಸ. ತಾಯಿ ಮೊಟ್ಟೆಯಿಟ್ಟು ಇನ್ನೊಬ್ಬನ ಮನೆಗೆ ಹೋಗಿರುತ್ತಾಳೆ.

ಆ ದಿನ ಮೂರು ಮನೆಗಳ ಅಂಚೆ ತಡವಾಯಿತು. ಯಾರೂ ದೂರು ಕೊಡಲಿಲ್ಲ.

ಉದ್ದಮಸೂರ

ಹಿರಿಯರ ಮಾತು ಚೆನ್ನಾಗಿದೆ, ಆದರೆ ಎಲ್ಲರಿಗೂ ಮೂವತ್ತೊಂದು ವರ್ಷ ಇರುವುದಿಲ್ಲ. ನನಗೆ ಸಿಗುವುದು ತಿಂಗಳಿಗೆ ಒಂದು ಭಾನುವಾರ. ಕಾಡುಹಕ್ಕಿ ಹೊರಬರದಿದ್ದರೆ ಮೊಬೈಲ್‌ನಲ್ಲಿ ಅದರ ಕೂಗನ್ನು ಹಾಕಿ, ಎರಡು ನಿಮಿಷದಲ್ಲಿ ಎದುರಿನ ಕೊಂಬೆಗೆ ಬರುತ್ತದೆ. ಕೆರೆಯಲ್ಲಿ ಹಾರುವ ಫೋಟೊ ಬೇಕಿದ್ದರೆ ಒಂದು ಚಪ್ಪಾಳೆ ಸಾಕು. ಯಾರಿಗೂ ನಷ್ಟವಿಲ್ಲ, ಅವು ಮತ್ತೆ ಬಂದು ಕೂರುತ್ತವೆ.

ಏರಿಯ ಮೇಲಿನವನು

ನಷ್ಟ ಯಾರಿಗೆ ಎಂದು ಹೇಳುತ್ತೇನೆ, ಕೇಳಿಸಿಕೊಳ್ಳಿ.

ಕೆಲವು ವರ್ಷಗಳ ಹಿಂದೆ ಜುಲೈನಲ್ಲಿ ಒಂದು ಗುಂಪು ಬಂದಿತ್ತು. ಯಾರು, ಎಲ್ಲಿಯವರು ಎಂಬುದು ಬೇಡ. ಅವರಲ್ಲೊಬ್ಬರು ನಿಮ್ಮ ಹಾಗೆಯೇ ಚಪ್ಪಾಳೆ ತಟ್ಟಿದರು. ನೂರಾರು ಕೆಂಬರಲುಗಳು ಒಟ್ಟಿಗೆ ಎದ್ದವು. ನಿಜ ಹೇಳುತ್ತೇನೆ, ನೋಟ ಅದ್ಭುತವಾಗಿತ್ತು. ಗೂಡಿನ ಕಾಲದಲ್ಲಿ ಅವುಗಳ ರೆಕ್ಕೆಯಡಿಯ ಬೋಳು ಚರ್ಮ ರಕ್ತಗೆಂಪಾಗಿರುತ್ತದೆ, ಆ ಬಿಳುಪಿನಲ್ಲಿ ಕೆಂಪು ಗೆರೆಗಳು ಮಿಂಚಿದಂತೆ ಕಂಡವು. ಕ್ಯಾಮೆರಾಗಳೆಲ್ಲ ಆಕಾಶಕ್ಕೆ ತಿರುಗಿದ್ದವು. ನಾನು ಮರ ನೋಡುತ್ತಿದ್ದೆ. ಎರಡು ಕಾಗೆಗಳು, ಅಷ್ಟು ಹೊತ್ತು ಎಲ್ಲಿದ್ದವೋ, ನೇರ ಗೂಡುಗಳಿಗೆ ಇಳಿದವು. ಒಂದು ಮೊಟ್ಟೆಯನ್ನು ಕಚ್ಚಿಕೊಂಡು ಹೋಯಿತು. ಇನ್ನೊಂದು ಅಲ್ಲಿಯೇ ಕೂತು ಕುಕ್ಕಿ ತಿಂದು, ಕೊಕ್ಕನ್ನು ಕೊಂಬೆಗೆ ಉಜ್ಜಿ ಒರೆಸಿಕೊಂಡಿತು. ತಾಯಿತಂದೆ ಮರಳಿ ಬಂದು ಖಾಲಿ ಗೂಡಿನ ಮೇಲೆ ಕಾವಿಗೆ ಕೂತವು. ಆ ಗುಂಪಿನವರು ಆಗಲೇ ಫೋಟೊ ಹಿಗ್ಗಿಸಿ ನೋಡುತ್ತಿದ್ದರು. ನೀವು ಹೇಳಿದ್ದು ಸರಿ, ಅವು ಮತ್ತೆ ಬಂದು ಕೂರುತ್ತವೆ.

ಮೊಬೈಲ್ ಕೂಗಿನದೂ ಅದೇ ಕಥೆ. ಗಂಡುಹಕ್ಕಿ ನಿಮ್ಮನ್ನು ನೋಡಲು ಬರುವುದಿಲ್ಲ, ತನ್ನ ಸರಹದ್ದಿಗೆ ಬೇರೆ ಗಂಡು ನುಗ್ಗಿತೆಂದು ಜಗಳಕ್ಕೆ ಬರುತ್ತದೆ. ಮೇಯುವುದನ್ನು ಬಿಟ್ಟು, ಗೂಡನ್ನು ಬಿಟ್ಟು ಬರುತ್ತದೆ. ಇಲ್ಲದ ಶತ್ರುವನ್ನು ಹುಡುಕಿ ಹುಡುಕಿ ದಣಿಯುತ್ತದೆ. ಸುಳ್ಳು ತಂತಿ ಕಳಿಸಿ ಒಬ್ಬನನ್ನು ಊರಿನಿಂದ ಕರೆಸಿದಂತೆ. ನನ್ನ ಕಾಲದಲ್ಲಿ ಹಾಗೆ ಮಾಡಿದವರಿಗೆ ನಾವು ಎರಡನೆಯ ಸಲ ನಮಸ್ಕಾರ ಹೇಳುತ್ತಿರಲಿಲ್ಲ.

ತಿಂಗಳಿಗೆ ಒಂದು ಭಾನುವಾರ ಧಾರಾಳವಾಯಿತು. ಅದನ್ನು ಒಂದೇ ಕಡೆ ಕೂತು ಕಳೆಯಿರಿ.

ಗದ್ದೆಯಂಚು

ಮೇಷ್ಟ್ರ ಕೆಲಸದವಳು ನಾನು, ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಕೆರೆಗೆ ಕರೆದುಕೊಂಡು ಹೋಗುತ್ತೇನೆ. ಜಗಳಕ್ಕೆ ನಾನು ಬರುವುದಿಲ್ಲ, ಆದರೆ ಚಪ್ಪಾಳೆಯ ವಿಷಯದಲ್ಲಿ ಹಿರಿಯರ ಪಕ್ಷ. ಹೊಸಕಣ್ಣು ಅವರಿಗೆ ಕೆಲವು ಸಣ್ಣ ಸಂಗತಿಗಳು.

ಬೈನಾಕ್ಯುಲರ್ ಇನ್ನೂ ಕೊಂಡಿಲ್ಲದಿದ್ದರೆ, ಕೊಳ್ಳುವಾಗ 8x42 ನೋಡಿ. ಎಂಟು ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ನಲವತ್ತೆರಡು ಎಂದರೆ ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ ಐದಕ್ಕೂ ಸ್ವಲ್ಪ ಹೆಚ್ಚು. ಅಷ್ಟು ಮಿಲಿಮೀಟರ್ ಅಗಲದ ಬೆಳಕಿನ ಬಿಲ್ಲೆ ನಿಮ್ಮ ಕಣ್ಣಿಗೆ ಬೀಳುತ್ತದೆ. ಮಲೆನಾಡಿನ ಮಳೆಗಾಲದ ಮಬ್ಬಿನಲ್ಲಿ ಈ ಬಿಲ್ಲೆಯೇ ಮುಖ್ಯ. ಹತ್ತು, ಹನ್ನೆರಡು ಪಟ್ಟು ತೋರಿಸುವುದನ್ನು ಕೊಂಡವರು ಹಕ್ಕಿಯ ಜೊತೆಗೆ ತಮ್ಮ ಕೈನಡುಕವನ್ನೂ ಅಷ್ಟೇ ಪಟ್ಟು ದೊಡ್ಡದಾಗಿ ನೋಡುತ್ತಾರೆ.

ಬಳಸುವ ರೀತಿಯೂ ಹೇಳಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಕ್ಕಿಯ ಮೇಲಿಟ್ಟ ಕಣ್ಣನ್ನು ಕೀಳದೆ ಬೈನಾಕ್ಯುಲರ್ ಅನ್ನು ಕಣ್ಣಿನ ಬಳಿಗೆ ತನ್ನಿ. ಮೊದಲು ಬೈನಾಕ್ಯುಲರ್ ಏರಿಸಿ ಆಮೇಲೆ ಹಕ್ಕಿ ಹುಡುಕಿದರೆ ಎಲೆಗಳಷ್ಟೇ ಸಿಗುತ್ತವೆ. ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳು ಇದನ್ನು ಒಂದೇ ಬೆಳಿಗ್ಗೆ ಕಲಿತಳು. ನನಗೆ ಒಂದು ವರ್ಷ ಹಿಡಿದಿತ್ತು.

ನಿಮ್ಮ ಒಳ್ಳೆಯ ಅಭ್ಯಾಸವೆಂದರೆ ಬರೆದುಕೊಂಡದ್ದು. ಬಿಡಬೇಡಿ. ಫೋಟೊ ಇದ್ದಿದ್ದರೆ ದುಂಬಿಗಳ ವಿಷಯ ನೀವು ಬರೆಯುತ್ತಲೇ ಇರಲಿಲ್ಲ, ನಾವು ಯಾರೂ ಇಷ್ಟು ಖುಷಿಯಿಂದ ಉತ್ತರಿಸುತ್ತಲೂ ಇರಲಿಲ್ಲ. ಸಾಧ್ಯವಾದರೆ ಚಿತ್ರವನ್ನೂ ಗೀಚಿ. ಮೊಟ್ಟೆಯಾಕಾರದ ಮೈ, ಅದಕ್ಕೊಂದು ತಲೆ, ಕೊಕ್ಕು ಎತ್ತ ಬಾಗಿದೆ, ಕಾಲಿನ ಬಣ್ಣ. ಸಣ್ಣ ಬೆಳ್ಳಕ್ಕಿಗೂ ಗೋವಕ್ಕಿಗೂ ಗೊಂದಲವಾದರೆ ಕೊಕ್ಕು ನೋಡಿ: ಸಣ್ಣ ಬೆಳ್ಳಕ್ಕಿಯದು ಕಪ್ಪು, ಗೋವಕ್ಕಿಯದು ಹಳದಿ. ಸಣ್ಣ ಬೆಳ್ಳಕ್ಕಿ ಕೆಸರಿನಿಂದ ಕಾಲೆತ್ತಿದರೆ ಕಪ್ಪು ಕಾಲಿಗೆ ಹಳದಿ ಪಾದ, ಹೊಸ ಚಪ್ಪಲಿ ಹಾಕಿದಂತೆ. ಮಕ್ಕಳು ಅದನ್ನು ಎಂದೂ ಮರೆಯುವುದಿಲ್ಲ.

ಜುಲೈನಲ್ಲಿ ಹೋಗುವುದಾದರೆ ಮಸೂರ ಒರೆಸಲು ಒಣಬಟ್ಟೆ ಎರಡು ಇರಲಿ, ಒಂದು ಹೇಗೂ ನೆನೆಯುತ್ತದೆ. ಕಡುಬಣ್ಣದ ರೈನ್‌ಕೋಟ್ ಇರಲಿ. ಕಿರಿಗುಟ್ಟುವ ಪ್ಲಾಸ್ಟಿಕ್ ಬೇಡ. ಉಂಬಳಗಳಿಗೆ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ, ಅಂಚಿಗೆ ಉಪ್ಪು ಸವರಿ. ಕಚ್ಚಿದರೆ ಕಿತ್ತೆಳೆಯಬೇಡಿ, ಉಗುರಿನಿಂದ ಬಾಯಿಯ ತುದಿಯನ್ನು ಪಕ್ಕಕ್ಕೆ ಸರಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ.

ಹೊಸಕಣ್ಣು

ಹೋಗಿ ಬಂದೆ. ಜುಲೈ ಮೂರನೆಯ ವಾರ, ಪುನರ್ವಸು ಮಳೆ ಮುಗಿದು ಪುಷ್ಯ ಹಿಡಿಯುವ ಹೊತ್ತು. ಈ ಬಾರಿ ರಾತ್ರಿ ಸೊರಬದಲ್ಲಿಯೇ ಉಳಿದು ಆರೂವರೆಗೆ ಕೆರೆಯ ಬಳಿ ಇದ್ದೆ. ಕೆರೆ ಕಾಣುವ ಮೊದಲೇ ವಾಸನೆ ಬಂತು, ಮೀನಿನಂಗಡಿಯದೂ ಸುಣ್ಣದ್ದೂ ಬೆರೆತಂಥದು. ಆಮೇಲೆ ಸದ್ದು. ಇಷ್ಟು ಬೆಳ್ಳಗಿನ ಹಕ್ಕಿಗಳಿಗೆ ಇಷ್ಟು ಒರಟು ಗಂಟಲೇ ಎಂದು ಆಶ್ಚರ್ಯವಾಯಿತು.

ಗೋಪುರ ಹತ್ತಲಿಲ್ಲ. ಒಂದು ಮರದ ಬೊಡ್ಡೆಯ ಮೇಲೆ ಪ್ಲಾಸ್ಟಿಕ್ ಹಾಸಿ, ಕ್ಷಮಿಸಿ, ಅದು ಕಿರಿಗುಟ್ಟಿತು, ಎರಡೂಕಾಲು ಗಂಟೆ ಕೂತೆ. ಮೊದಲ ಅರ್ಧ ಗಂಟೆ ಕಷ್ಟವೇ ಆಯಿತು. ಕೈ ತಾನಾಗಿಯೇ ಮೊಬೈಲ್ ಹುಡುಕುತ್ತಿತ್ತು. ಪಟ್ಟಿಗೆ ಹದಿನಾಲ್ಕು ಹೆಸರು ಬರೆದು, ಆಮೇಲೆ ಬರೆಯುವುದನ್ನು ಮರೆತೆ, ಕಾರಣ ಒಂದು ಕಡ್ಡಿ.

ನನ್ನ ನೇರಕ್ಕಿದ್ದ ಹೊಳೆಲಕ್ಕಿಯಲ್ಲಿ ಕೆಂಬರಲುಗಳ ಏಳು ಗೂಡು ಎಣಿಸಿದ್ದೆ. ಗಂಡು ಕಡ್ಡಿ ತಂದುಕೊಡುವುದು, ಹೆಣ್ಣು ಅದನ್ನು ಗೂಡಿಗೆ ಸಿಕ್ಕಿಸುವುದು. ಒಂದು ಗಂಡು ಕಾಡಿನ ಕಡೆಯಿಂದ ಎಲೆಯಿನ್ನೂ ಅಂಟಿಕೊಂಡಿದ್ದ, ತುದಿಯಲ್ಲಿ ಕವಲೊಡೆದ ಕಡ್ಡಿ ತಂದಿತು. ಎಲೆಯಿದ್ದುದರಿಂದಲೇ ನನಗೆ ಆ ಕಡ್ಡಿಯ ಗುರುತು ಸಿಕ್ಕಿತು. ಹೆಣ್ಣು ಅದನ್ನು ಎಡಕ್ಕಿಟ್ಟಿತು, ಸರಿಯಾಗಲಿಲ್ಲ, ಬಲಕ್ಕೆ ತಿರುಗಿಸಿತು, ಮತ್ತೆ ಎಡಕ್ಕೆ. ಕುಡುಗೋಲಿನಂಥ ಕೊಕ್ಕಿನಿಂದ ಕಡ್ಡಿ ನೇಯುವುದು ಎಷ್ಟು ತ್ರಾಸದ ಕೆಲಸ ಎಂದು ನೋಡಿಯೇ ತಿಳಿಯಬೇಕು. ಗಂಡು ಮತ್ತೆ ಹಾರಿತು. ಹೆಣ್ಣು ಕೆಳಗಿನ ನೀರುಕಾಗೆಯ ಮೇಲೆ ಜಗಳಕ್ಕೆ ಬಗ್ಗಿದ್ದೇ ತಡ, ಪಕ್ಕದ ಗೂಡಿನದು ಕುತ್ತಿಗೆ ಚಾಚಿ ಕವಲುಕಡ್ಡಿಯನ್ನು ಎಳೆದುಕೊಂಡಿತು. ಹೆಣ್ಣು ತಿರುಗಿ ನೋಡಿತು, ಏನೋ ಕಡಿಮೆಯಾಗಿದೆ ಎನಿಸಿರಬೇಕು, ಗೂಡಿನೊಳಗೆ ಇಣುಕಿತು. ಹದಿನೈದು ನಿಮಿಷ ಕಳೆದಿರಬಹುದು. ಕಡ್ಡಿ ಕದ್ದ ಹಕ್ಕಿಯ ಮೇಲಿನ ಕೊಂಬೆಯಲ್ಲಿ ಇನ್ನೂ ಅಡಿಪಾಯವನ್ನೇ ಹಾಕುತ್ತಿದ್ದ ಜೋಡಿಯೊಂದು ಇಳಿದು ಬಂದು ಅದೇ ಕಡ್ಡಿಯನ್ನು ಎತ್ತಿಕೊಂಡು ಹೋಯಿತು. ಅಷ್ಟು ಹೊತ್ತಿಗೆ ಎಲೆ ಒಂದೇ ಉಳಿದಿತ್ತು. ಮೊದಲ ಗಂಡು ಹೊಸ ಕಡ್ಡಿ ತಂದಾಗ ಹೆಣ್ಣು ಅದನ್ನು ಎಡಕ್ಕಿಟ್ಟಿತು, ಬಲಕ್ಕೆ ತಿರುಗಿಸಿತು.

ಹಾವಕ್ಕಿಯನ್ನೂ ನೋಡಿದೆ. ಮೈಯೆಲ್ಲ ನೀರೊಳಗೆ, ಕುತ್ತಿಗೆ ಮಾತ್ರ ಮೇಲೆ, ಹೆಸರಿಟ್ಟವರ ಬಗ್ಗೆ ಗೌರವ ಬಂತು. ಆರು ಕಾಲಿನ ದೇವನಕ್ಕಿ ಕಾಣಲಿಲ್ಲ, ಎರಡು ಕಾಲಿನವು ಮೂರು ಇದ್ದವು. ಕೆಂಗಂದು ಬೆನ್ನಿನ ಬಕಗಳು ಈಗ ಎಲ್ಲೆಲ್ಲೂ ಇದ್ದವು, ಏಪ್ರಿಲ್‌ನಲ್ಲಿ ಕಂಡ ಆ ಒಂದರಷ್ಟು ಚೆನ್ನಾಗಿ ಯಾವುದನ್ನೂ ನೋಡಲಾಗಲಿಲ್ಲ. ಉಂಬಳ ಐದು, ಉಪ್ಪು ಹಚ್ಚಿಯೂ.

ಒಂದು ಪ್ರಶ್ನೆ ಉಳಿದಿದೆ. ಕದ್ದ ಕಡ್ಡಿಯ ಆ ಮೇಲಿನ ಗೂಡು ತೀರಾ ತೆಳುವಾಗಿತ್ತು, ಕೆಳಗಿನಿಂದ ಆಕಾಶ ಕಾಣುತ್ತಿತ್ತು. ಅಂಥ ಗೂಡಿನಲ್ಲಿ ಮೊಟ್ಟೆ ನಿಲ್ಲುತ್ತದೆಯೇ?

ಏರಿಯ ಮೇಲಿನವನು

ಕೆಲವು ನಿಲ್ಲುತ್ತವೆ, ಕೆಲವು ಗಾಳಿಗೆ ಬೀಳುತ್ತವೆ. ತಡವಾಗಿ ಬಂದ ಜೋಡಿಗಳಿಗೆ ಒಳ್ಳೆಯ ಕವಲು ಸಿಗುವುದಿಲ್ಲ, ಕಡ್ಡಿಯೂ ಸಿಗುವುದಿಲ್ಲ, ಅದಕ್ಕೇ ಕಳವು. ಎರಡರಿಂದ ನಾಲ್ಕು ಮೊಟ್ಟೆ ಇಡುತ್ತವೆ, ಕಾವು ಮೂರು ವಾರಕ್ಕೂ ಮಿಗಿಲು. ನಿಮ್ಮ ಬೊಡ್ಡೆ ಯಾವುದೆಂದು ನನಗೆ ಗೊತ್ತಾಯಿತು, ಅಲ್ಲಿಂದ ಆ ಮರ ಚೆನ್ನಾಗಿ ಕಾಣುತ್ತದೆ. ಶುಕ್ರವಾರ ಆ ಕಡೆ ಹೋಗುವವನಿದ್ದೇನೆ, ಮೇಲಿನ ಗೂಡು ನೋಡಿ ತಿಳಿಸುತ್ತೇನೆ. ಕೆಳಗಿನಿಂದ ಎಷ್ಟನೆಯದು ಎಂದು ಮಾತ್ರ ಬರೆಯಿರಿ. ವಿಳಾಸ ಸರಿಯಿಲ್ಲದಿದ್ದರೆ ತಲುಪಿಸುವುದು ಕಷ್ಟ.

ಹೊಸಕಣ್ಣು

ನೀರಿನಿಂದ ಮೇಲಕ್ಕೆ ಎಣಿಸಿದರೆ ಆರನೆಯದು, ಬಲಗಡೆಯ ಒಣಗಿದ ಕೊಂಬೆ. ಗೂಡಿನ ಅಂಚಿನಲ್ಲಿ ಕವಲುಕಡ್ಡಿ, ಎಲೆ ಒಂದು ಇದ್ದರೂ ಇರಬಹುದು.